ಚರ್ಮ ಹೊಲಿಯುವ ಯಂತ್ರದ ಬಿಡಿಭಾಗಗಳು: ದಾರದಿಂದ ಶುರು ಮಾಡಿ

ಭಾರಿ ಯಂತ್ರದ ಜೊತೆಗೆ ಏನೇನು ಕೊಳ್ಳಬೇಕು ಎಂದು ಪಟ್ಟಿ ಮಾಡಲು ಕೂತಾಗ ನಾನು ಮೊದಲು ಬರೆದದ್ದು ಚರ್ಮವನ್ನು ಮೇಲಿಂದ ಒತ್ತಿ ಹಿಡಿಯುವ ಪ್ರೆಸರ್ ಫುಟ್‌ಗಳನ್ನು, ಆಮೇಲೆ ಸೂಜಿ, ಕಟ್ಟಕಡೆಗೆ ದಾರ. ಈ ಕ್ರಮವೇ ತಲೆಕೆಳಗು ಎಂದು ತಿಳಿಯಲು ಎರಡು ವಾರ ಹಿಡಿಯಿತು. ದಾರ ಯಾವುದೆಂದು ಗೊತ್ತಾದರೆ ಸೂಜಿಯ ದಪ್ಪ ಗೊತ್ತಾಗುತ್ತದೆ. ಸೂಜಿಯ ದಪ್ಪ ಗೊತ್ತಾದರೆ ಅದು ಹಾದುಹೋಗುವ ತೂತುಗಳು ಎಷ್ಟು ದೊಡ್ಡವಿರಬೇಕು ಎಂಬುದೂ ಗೊತ್ತಾಗುತ್ತದೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಇಲ್ಲಿ ಬರೆದಿರುವುದು ವಾಕಿಂಗ್ ಫುಟ್ ಯಂತ್ರಕ್ಕೆ, ಅಂದರೆ ಸೂಜಿ, ಒಳಗಿನ ಫುಟ್ ಮತ್ತು ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಚರ್ಮವನ್ನು ಮುಂದೆ ಒಯ್ಯುವ ಯಂತ್ರಕ್ಕೆ.

ದಾರ

ಬಾಂಡೆಡ್ ನೈಲಾನ್, ಅಂದರೆ ಎಳೆ ಬಿಚ್ಚದಂತೆ ಅಂಟು ಲೇಪಿಸಿದ ನೈಲಾನ್ ದಾರ, ಗಟ್ಟಿ, ಸ್ವಲ್ಪ ಹಿಗ್ಗುತ್ತದೆ. ಬಿಸಿಲಿಗೆ ಒಡ್ಡುವ ವಸ್ತುವಾದರೆ ಬಾಂಡೆಡ್ ಪಾಲಿಯೆಸ್ಟರ್ ಮೇಲು. ಉಂಡೆಯ ಮೇಲಿರುವ ಟೆಕ್ಸ್ ಸಂಖ್ಯೆ ಎಂದರೆ 1,000 ಮೀಟರ್ ದಾರದ ತೂಕ, ಗ್ರಾಂಗಳಲ್ಲಿ. ಸಂಖ್ಯೆ ಏರಿದಂತೆ ದಾರ ದಪ್ಪ. ಕೆಲವು ಉಂಡೆಗಳ ಮೇಲೆ ವಿ-69, ವಿ-138 ಎಂದಿರುತ್ತದೆ. ವಿ-69 ಮತ್ತು ಟೆಕ್ಸ್ 70 ಒಂದೇ, ವಿ-138 ಮತ್ತು ಟೆಕ್ಸ್ 135 ಒಂದೇ. ಪರ್ಸಿಗೆ ಟೆಕ್ಸ್ 70, ಕೈಚೀಲಕ್ಕೆ 90, ಬೆಲ್ಟು ಮತ್ತು ದಪ್ಪ ಚೀಲಕ್ಕೆ 135 ಎಂದು ನಾನು ಇಟ್ಟುಕೊಂಡಿದ್ದೇನೆ.

ಸೂಜಿ: ನಾನು ಎಡವಿದ ಜಾಗ

ಸೂಜಿಯ ಪೊಟ್ಟಣದ ಮೇಲೆ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ನಾನು ಮೂರನ್ನೂ ಒಂದೇ ಎಂದುಕೊಂಡಿದ್ದೆ.

ಒಂದು, ಸಿಸ್ಟಮ್. ಇದು ಸೂಜಿಯ ಉದ್ದ ಮತ್ತು ಯಂತ್ರಕ್ಕೆ ಸಿಕ್ಕಿಸುವ ಕಾಂಡದ ಅಳತೆಯನ್ನು ನಿಗದಿ ಮಾಡುತ್ತದೆ. ವಾಕಿಂಗ್ ಫುಟ್ ಯಂತ್ರಗಳಲ್ಲಿ ಹೆಚ್ಚಾಗಿ 135×16 ಅಥವಾ 135×17 ಬಳಕೆಯಲ್ಲಿದೆ. ತುಂಬ ದಪ್ಪ ಚರ್ಮ ಹೊಲಿಯುವ 441 ಮಾದರಿಯ ಯಂತ್ರಗಳಿಗೆ ಇನ್ನೂ ಉದ್ದವಾದ 794 ಸೂಜಿ. ಸಿಸ್ಟಮ್ ತಪ್ಪಿದರೆ, ಕೆಳಗೆ ತಿರುಗುತ್ತಾ ಸೂಜಿಯ ದಾರವನ್ನು ಹಿಡಿಯುವ ಹುಕ್ ಸೂಜಿಯ ಕಣ್ಣಿನ ಬಳಿ ಸರಿಯಾದ ಎತ್ತರಕ್ಕೆ ಬರುವುದಿಲ್ಲ, ಹೊಲಿಗೆ ಬೀಳುವುದಿಲ್ಲ.

ಎರಡು, ದಪ್ಪ. 140/22 ಎಂದಿದ್ದರೆ ಮೊದಲನೆಯದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ, ಅಂದರೆ ಸೂಜಿ 1.4 ಮಿ.ಮೀ. ದಪ್ಪ. ಎರಡನೆಯದು ಅದೇ ದಪ್ಪಕ್ಕೆ ಸಿಂಗರ್ ಎಣಿಕೆಯ ಹೆಸರು.

ಮೂರು, ಮೊನೆ. ಇಲ್ಲೇ ನಾನು ಮುಗ್ಗರಿಸಿದ್ದು. 135×16 ಮತ್ತು 135×17 ಎಂದು ನೋಡಿದಾಗ 16ಕ್ಕಿಂತ 17 ಒಂದು ಅಳತೆ ದೊಡ್ಡದು ಎಂದು ಭಾವಿಸಿ, ದಪ್ಪ ಚರ್ಮಕ್ಕೆ ಬೇಕಾಗುತ್ತದೆ ಎಂದು 17ರ ಪೊಟ್ಟಣ ತಂದೆ. ಎರಡೂ ಒಂದೇ ಉದ್ದ, ಒಂದೇ ಕಾಂಡ. ವ್ಯತ್ಯಾಸ ಮೊನೆಯಲ್ಲಿ ಮಾತ್ರ. 16ರ ಮೊನೆ ಚರ್ಮವನ್ನು ಕೊಯ್ಯುತ್ತದೆ. 17ರ ಮೊನೆ ದುಂಡಗೆ, ಬಟ್ಟೆಗೆಂದು ಮಾಡಿದ್ದು; ಅದು ಎಳೆಗಳನ್ನು ಅತ್ತಿತ್ತ ಸರಿಸಿ ನುಸುಳುತ್ತದೆ. ಚರ್ಮದಲ್ಲಿ ಸರಿಯುವ ಎಳೆಗಳಿಲ್ಲ. ಎರಡು ಪದರ ದಪ್ಪ ಚರ್ಮದ ಮೇಲೆ ದುಂಡು ಮೊನೆ ಓಡಿಸಿದಾಗ ಪ್ರತಿ ಏಟಿಗೂ ದಡ್ ದಡ್ ಎಂಬ ಸದ್ದು ಬಂತು, ಸೂಜಿ ಮೇಲೇಳುವಾಗ ಚರ್ಮವನ್ನೂ ಎತ್ತಿತು, ನಾಲ್ಕೈದಕ್ಕೊಂದು ಹೊಲಿಗೆ ತಪ್ಪಿತು. ಯಂತ್ರದ ಟೈಮಿಂಗ್, ಅಂದರೆ ಸೂಜಿಗೂ ಹುಕ್ಕಿಗೂ ಇರುವ ಹೊಂದಾಣಿಕೆ, ಕೆಟ್ಟಿದೆ ಎಂದು ಒಂದು ಸಂಜೆ ಪೂರ್ತಿ ಹುಕ್ ಬಿಚ್ಚಿ ನೋಡಿದೆ. ಮರುದಿನ 135×16 ಹಾಕಿದ ಕೂಡಲೇ ಸದ್ದು ಅಡಗಿತು. ಹಾಗೆಂದು 17 ಬೇಡವೆಂದಲ್ಲ. ನೇಯ್ದ ಪಟ್ಟಿ ಅಥವಾ ಕ್ಯಾನ್ವಾಸ್ ಮೇಲೆ ಕೊಯ್ಯುವ ಮೊನೆ ಎಳೆಗಳನ್ನೇ ಕತ್ತರಿಸಿಬಿಡುತ್ತದೆ. ಅಲ್ಲಿ 17 ಬೇಕೇ ಬೇಕು.

ಕೊಯ್ಯುವ ಮೊನೆಗಳಲ್ಲೂ ಬಗೆಗಳಿವೆ. ಎಸ್ ಮೊನೆಯ ಸೀಳು ಹೊಲಿಗೆಯ ಸಾಲಿನ ಗುಂಟವೇ ಇರುತ್ತದೆ. ದಾರ ಸೀಳಿನೊಳಗೆ ಒಂದಿಷ್ಟು ಇಳಿದು ನೇರವಾಗಿ ಕೂರುತ್ತದೆ. ಆದರೆ ಹೊಲಿಗೆ ಚಿಕ್ಕದಾದರೆ ಒಂದು ಸೀಳು ಇನ್ನೊಂದನ್ನು ಮುಟ್ಟಿ ಚರ್ಮ ಅಲ್ಲೇ ಹರಿಯಬಹುದು. ಎಲ್‌ಆರ್ ಮೊನೆಯದು 45 ಡಿಗ್ರಿ ಓರೆ ಸೀಳು, ಹೊಲಿಗೆಯೂ ತುಸು ಓರೆಯಾಗಿ ಕಾಣುತ್ತದೆ. ನನಗೆ ಈ ಓರೆ ಹೊಲಿಗೆಯೇ ಇಷ್ಟ.

ಇನ್ನೊಂದು ಮಾತು. ಮನೆಯ ಯಂತ್ರದ ಸೂಜಿಗೆ ಕಾಂಡದ ಒಂದು ಕಡೆ ಚಪ್ಪಟೆ ಇರುವುದರಿಂದ ತಪ್ಪಾಗಿ ಹಾಕಲು ಆಗುವುದಿಲ್ಲ. ಇವುಗಳ ಕಾಂಡ ಪೂರ್ತಿ ದುಂಡು, ಯಾವ ದಿಕ್ಕಿಗೆ ತಿರುಗಿಸಿದರೂ ಕೂರುತ್ತದೆ. ಉದ್ದನೆಯ ಗೀರು ದಾರ ಪೋಣಿಸುವ ಕಡೆಗೆ, ಕಣ್ಣಿನ ಮೇಲಿನ ತಗ್ಗು ಹುಕ್ಕಿನ ಕಡೆಗೆ ಇರಬೇಕು. ಸ್ಕ್ರೂ ಬಿಗಿಯುವ ಮೊದಲು ಕಣ್ಣಿನೊಳಗೆ ಒಂದು ತೆಳುವಾದ ಸೂಜಿ ತೂರಿಸಿ ನೋಡಿ. ಅದು ಗಡಿಯಾರದ ಮುಳ್ಳಿನಂತೆ ಕಣ್ಣು ಎತ್ತ ತಿರುಗಿದೆ ಎಂದು ತೋರಿಸುತ್ತದೆ. ಸ್ವಲ್ಪ ತಿರುಚಿದರೂ ಸೀಳಿನ ಕೋನವೇ ಬದಲಾಗಿ ಸಾಲು ವಕ್ರವಾಗಿ ಕಾಣುತ್ತದೆ.

ದಾರಕ್ಕೆ ಸೂಜಿ ಹೊಂದುವುದೇ?

ಟೆಕ್ಸ್ 70ಕ್ಕೆ 110/18, ಟೆಕ್ಸ್ 90ಕ್ಕೆ 125/20, ಟೆಕ್ಸ್ 135ಕ್ಕೆ 140/22 ಅಥವಾ 160/23. ಈ ಸಂಖ್ಯೆಗಳನ್ನು ನಾನು ಬಾಯಿಪಾಠ ಮಾಡಲಿಲ್ಲ. ಒಂದು ಮೊಳ ದಾರಕ್ಕೆ ಸೂಜಿ ಪೋಣಿಸಿ, ಎರಡೂ ತುದಿ ಹಿಡಿದು ಓರೆಯಾಗಿ ಬಿಗಿ ಹಿಡಿಯುತ್ತೇನೆ. ಸೂಜಿ ತನ್ನ ಭಾರಕ್ಕೆ ತಾನೇ ಜಾರಿದರೆ ಸರಿ. ನಡುವೆ ನಿಂತರೆ ಕಣ್ಣು ಚಿಕ್ಕದಾಯಿತು. ಹೊಲಿಯುವಾಗ ದಾರ ಉಜ್ಜಿ ಎಳೆ ಬಿಚ್ಚುತ್ತದೆ. ಚರ್ಮ ಗಟ್ಟಿಯಿದ್ದರೆ ಒಂದು ಅಳತೆ ದಪ್ಪದ ಸೂಜಿ ತೆಗೆದುಕೊಳ್ಳುತ್ತೇನೆ. ಕಾರಣ ಗಂಟು. ಮೇಲಿನ ದಾರವೂ ಕೆಳಗಿನ ಬಾಬಿನ್ ದಾರವೂ ಹೆಣೆದುಕೊಳ್ಳುವ ಗಂಟು ಚರ್ಮದ ನಡುವೆ ಅಡಗಬೇಕು. ತೂತು ಇಕ್ಕಟ್ಟಾದರೆ ಟೆನ್ಷನ್ ಎಷ್ಟು ಬಿಗಿದರೂ ಗಂಟು ಮೇಲೇರದೆ ಕೆಳಗೆ ಮಣಿಯಂತೆ ಕಾಣುತ್ತದೆ.

ತೂತು ಮತ್ತು ಫುಟ್

ಇಂಥ ಬಹುತೇಕ ಯಂತ್ರಗಳಲ್ಲಿ ಸೂಜಿ ಇಳಿಯುವ ತೂತು ಹಲ್ಲಿನಲ್ಲೇ ಇರುತ್ತದೆ, ಏಕೆಂದರೆ ಎರಡೂ ಒಟ್ಟಿಗೆ ಚಲಿಸಬೇಕು. ದಪ್ಪ ಸೂಜಿ ಹಾಕಿದ ಮೇಲೆ ಕೈಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಒಳಗಿನ ಫುಟ್ಟಿನ ತೂತಿಗೂ ಹಲ್ಲಿನ ತೂತಿಗೂ ಸೂಜಿ ಎಲ್ಲೂ ತಾಗದೆ ಹೋಗುತ್ತದೆಯೇ ನೋಡಿ. ಆಮೇಲೆ ಮೋಟಾರ್.

ಫುಟ್ ಯಾವಾಗಲೂ ಒಳಗಿನದು, ಹೊರಗಿನದು ಎಂದು ಜೋಡಿಯಾಗಿ ಕೊಳ್ಳಬೇಕು. ಯಂತ್ರದ ಜೊತೆ ಬರುವ ಫುಟ್ಟಿನ ತಳದಲ್ಲಿ ಹಲ್ಲುಗಳಿದ್ದರೆ, ತೊಗಟೆಯಿಂದ ಹದ ಮಾಡಿದ ಚರ್ಮದ ಮೇಲೆ ಅದರ ಗುರುತು ಸಾಲಾಗಿ ಉಳಿದುಬಿಡುತ್ತದೆ, ತಿಕ್ಕಿದರೂ ಹೋಗುವುದಿಲ್ಲ. ಆದ್ದರಿಂದ ಮೊದಲ ಖರೀದಿ ನುಣುಪು ತಳದ ಜೋಡಿಯಾಗಲಿ. ಎರಡನೆಯದು ಅಂಚಿನ ಗೈಡ್. ಸಾಲು ಅಂಚಿನಿಂದ ಒಂದೇ ದೂರದಲ್ಲಿ ಓಡುತ್ತದೆ. ಪೈಪಿಂಗ್ ಎಂದರೆ ಅಂಚಿಗೆ ಕೊಡುವ, ಒಳಗೆ ಹುರಿಯಿರುವ ಉಬ್ಬು ಪಟ್ಟಿ; ಅದರ ಫುಟ್ಟನ್ನು ಒಳಗಿನ ಹುರಿಯ ದಪ್ಪ ಅಳೆದ ಮೇಲೆ ಕೊಳ್ಳಿ.

ಮೋಟಾರ್

ಸದಾ ಪೂರ್ತಿ ವೇಗದಲ್ಲಿ ತಿರುಗುವ ಕ್ಲಚ್ ಮೋಟಾರ್ ಬಿಟ್ಟು, ವೇಗ ಹೊಂದಿಸಬಹುದಾದ ಸರ್ವೋ ಮೋಟಾರ್ ಹಾಕಿಸಿಕೊಳ್ಳಿ. ಕ್ಲಚ್‌ನಲ್ಲಿ ನಿಧಾನ ಎಂಬುದನ್ನು ಪಾದವೇ ಕಲಿಯಬೇಕು, ಸರ್ವೋದಲ್ಲಿ ಮಿತಿಯನ್ನು ಗುಂಡಿಯಿಂದ ಗೊತ್ತು ಮಾಡಬಹುದು. ಆದರೆ ವೇಗ ತಗ್ಗಿಸಿದಷ್ಟಕ್ಕೆ ತಳ್ಳುವ ಬಲ ಹೆಚ್ಚುವುದಿಲ್ಲ. ಬಲ ಬರುವುದು ಪುಲ್ಲಿಯಿಂದ, ಅಂದರೆ ಬೆಲ್ಟ್ ಸುತ್ತುವ ಗಾಲಿಯಿಂದ. ಮೋಟಾರಿನ ಪುಲ್ಲಿ 75 ಮಿ.ಮೀ. ಇದ್ದಾಗ ನಿಮಿಷಕ್ಕೆ 1,000 ಹೊಲಿಗೆ ಬೀಳುತ್ತಿದ್ದರೆ, ಅದೇ ಮೋಟಾರಿಗೆ 45 ಮಿ.ಮೀ. ಪುಲ್ಲಿ ಹಾಕಿದರೆ 600 ಬೀಳುತ್ತದೆ. ನಡುವೆ ಮೂರಕ್ಕೊಂದು ತಗ್ಗಿಸುವ ಸ್ಪೀಡ್ ರೆಡ್ಯೂಸರ್ ಸೇರಿಸಿದರೆ 200, ಅಂದರೆ ಸೆಕೆಂಡಿಗೆ ಮೂರು ಚಿಲ್ಲರೆ. ವೇಗ ಇಳಿದ ಅನುಪಾತದಲ್ಲೇ ಬಲ ಏರುತ್ತದೆ, ಘರ್ಷಣೆಗೆ ಹೋಗುವುದನ್ನು ಕಳೆದು. ಪುಲ್ಲಿ ಚಿಕ್ಕದಾದರೆ ಹಳೆಯ ಬೆಲ್ಟ್ ಸಡಿಲವಾಗುತ್ತದೆ. ಮೋಟಾರನ್ನು ಕೆಳಗಿಳಿಸಿ ಬಿಗಿಯಲು ಜಾಗವಿಲ್ಲದಿದ್ದರೆ ಗಿಡ್ಡ ಬೆಲ್ಟನ್ನೂ ಪುಲ್ಲಿಯ ಜೊತೆಗೇ ತನ್ನಿ. ಉದ್ದ ತಿಳಿಯಲು ಹೊಸ ಪುಲ್ಲಿ ಕೂರಿಸಿದ ಮೇಲೆ ಎರಡೂ ಪುಲ್ಲಿಗಳಿಗೆ ಒಂದು ಹುರಿ ಸುತ್ತಿ ಅಳೆದುಕೊಂಡರೆ ಸಾಕು.