ಭಜನೆಯಲ್ಲಿ ಪಳಗಿದ ಕೈ ಸ್ಟುಡಿಯೋದಲ್ಲಿ ನಡೆಯುತ್ತದಾ?

"ಮಗ ಭಜನಿಯಾಗ ತಬಲಾ, ಢೋಲಕ್ ಎರಡೂ ಬಾರಸ್ತಾನ್ರಿ. ಈಗ ಡ್ರಮ್ಸ್ ಕಲೀತೀನಂತಾನ. ರೆಕಾರ್ಡಿಂಗ್‌ದಾಗ ಬಾರಿಸಿ ಜೀವನ ನಡೀತದೇನ್ರಿ? ಎಷ್ಟು ವಾದ್ಯ ಬರಬೇಕು?" ಕಲಬುರಗಿ ಕಡೆ ತಂದೆತಾಯಿ ನನಗೆ ಕೇಳುವ ಪ್ರಶ್ನೆ ಇದೇ.

ನಡೆಯುತ್ತದೆ. ಆದರೆ ವಾದ್ಯದ ಲೆಕ್ಕ ಆಮೇಲೆ, ಮೊದಲು ಲಯ.

ನಮ್ಮ ಕಡೆ ತತ್ವಪದ ಹೇಗೆ ಏರುತ್ತದೆ ಗೊತ್ತಲ್ವಾ? ಕಡಕೋಳ ಮಡಿವಾಳಪ್ಪನವರ ಪದ ನಿಧಾನಕ್ಕೆ ಶುರುವಾಗುತ್ತದೆ, ದಮ್ಮಡಿ ಅನ್ನುವ ಕೈಚರ್ಮವಾದ್ಯದವನು, ತಾಳದವನು, ಹಾಡುವವನು ಒಬ್ಬರ ಮುಖ ಒಬ್ಬರು ನೋಡುತ್ತಲೇ ಬಿಸಿ ಏರಿಸುತ್ತಾರೆ, ಮುಗಿಯುವ ಹೊತ್ತಿಗೆ ಇಡೀ ಗುಡಿ ತೂಗುತ್ತಿರುತ್ತದೆ. ಅದೇ ಅದರ ಜೀವ. ಸ್ಟುಡಿಯೋದಲ್ಲಿ ಹಾಗಿಲ್ಲ. ಹೆಡ್‌ಫೋನಿನಲ್ಲಿ ಲಯ ತೋರಿಸುವ ಕ್ಲಿಕ್ ಸದ್ದು ಬಡಿಯುತ್ತಿರುತ್ತದೆ. ನಿಮಿಷಕ್ಕೆ 90 ಬಡಿತ ಅಂದರೆ ಹಾಡು ಮುಗಿಯುವವರೆಗೂ 90.

ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಬಾರಿಸಿದ್ದು ಬರೀ ಕೆಹರ್ವಾ ತಾಳ, ಚಿಕ್ಕಂದಿನಿಂದ ಕೈಯಲ್ಲಿದ್ದ 8 ಮಾತ್ರೆ, ಅಂದರೆ 8 ಎಣಿಕೆ. ಎರಡನೇ ಸಾಲಿಗೇ ಕ್ಲಿಕ್ ಬಿಟ್ಟು ಮುಂದೆ ಓಡಿದ್ದೆ. ಆಮೇಲೆ ಮನೆಯಲ್ಲಿ ಹೀಗೆ ತಿದ್ದಿಕೊಂಡೆ: ಮೊದಲು ಎಂಟೂ ಮಾತ್ರೆಗೆ ಕ್ಲಿಕ್, ನಂತರ 1 ಮತ್ತು 5ಕ್ಕೆ ಮಾತ್ರ, ಕೊನೆಗೆ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ ಮಾತ್ರ. ನಡುವೆ ಕ್ಲಿಕ್ ಇಲ್ಲದ ಜಾಗದಲ್ಲೇ ಕೈ ಪಳಗುತ್ತದೆ. ನಿಮ್ಮ ಮಗನಿಗೂ ಇದನ್ನೇ ಹೇಳಿ.

ಇನ್ನು ವಾದ್ಯದ ವಿಷಯ. ತೌಫಿಕ್ ಖುರೇಷಿ ಅವರನ್ನು ನೋಡಿ. ಉಸ್ತಾದ್ ಅಲ್ಲಾ ರಖಾ ಅವರ ಮಗ, ತಬಲಾದ ಬೋಲ್‌ಗಳನ್ನು (ಧಾ, ತಿನ್ ಅಂತ ಬಾಯಲ್ಲಿ ಹೇಳುವ ನುಡಿಗಳನ್ನು) ಆಫ್ರಿಕಾದ ಜೆಂಬೆ ಅನ್ನುವ ಚರ್ಮವಾದ್ಯದ ಮೇಲೆ ತಂದವರು. ಇನ್ನೊಬ್ಬ ತಾಳವಾದ್ಯಗಾರ ತ್ರಿಲೋಕ್ ಗುರ್ಟು ತಬಲಾ, ಡ್ರಮ್ಸ್ ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಕೂರುತ್ತಾರೆ. ಒಂದು ವಾದ್ಯ ಗಟ್ಟಿಯಾದರೆ ಉಳಿದದ್ದಕ್ಕೆ ದಾರಿ ಅಲ್ಲಿಂದಲೇ ಸಿಗುತ್ತದೆ. ಸಣ್ಣ ವಾದ್ಯ ಅಂತ ಸದರ ಮಾಡಬಾರದು. ಗಿಲಕಿಯಂಥ ಶೇಕರ್ ಸುಮ್ನೆ ಅಲ್ಲಾಡಿಸೋದು ಅನ್ನಿಸುತ್ತದೆ, ಆದರೆ 4 ನಿಮಿಷ ಒಂದೇ ತೂಕದಲ್ಲಿ ಅಲ್ಲಾಡಿಸಿ ನೋಡಲಿ, ಮಣಿಕಟ್ಟು ಸೋತು ಸದ್ದು ಹಿಂದೆ ಬೀಳುತ್ತದೆ, ಮೈಕ್ ಅದನ್ನು ಬಿಡುವುದಿಲ್ಲ. ಬೆರಳಿನ ಉಂಗುರ ತಾಗಿದರೂ ಕೇಳುತ್ತದೆ. ತಬಲಾ ಒಯ್ಯುವಾಗ ಕರಿ 1, ಕರಿ 2 (ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕ) ಹೀಗೆ ಬೇರೆ ಬೇರೆ ಶ್ರುತಿಯ ದಾಯಾ, ಅಂದರೆ ಬಲಗೈ ತಬಲಾ, ಜೊತೆಗಿರಲಿ, ಒಂದನ್ನೇ ಜಾಸ್ತಿ ಏರಿಸಿ ಇಳಿಸಿದರೆ ಚರ್ಮ ಹಾಳಾಗುತ್ತದೆ.

ದುಡ್ಡು? ಸಾಮಾನ್ಯವಾಗಿ ಹಾಡಿಗಿಷ್ಟು ಅಥವಾ ದಿನಕ್ಕಿಷ್ಟು, ಒಂದೇ ಸಲ. ಈಗ ಎಷ್ಟೋ ಹಾಡಿನ ಡ್ರಮ್ಸ್ ಕಂಪ್ಯೂಟರ್‌ನಲ್ಲೇ ಆಗಿಬಿಡುತ್ತದೆ, ಹಾಗಾಗಿ ಬರೀ ರೆಕಾರ್ಡಿಂಗ್ ನಂಬಿ ಕೂರಬೇಡಿ. ಮದುವೆ ಆರ್ಕೆಸ್ಟ್ರಾ, ಜಾತ್ರೆ ಕಾರ್ಯಕ್ರಮ, ಮಕ್ಕಳಿಗೆ ಪಾಠ, ಎಲ್ಲಾ ಸೇರಿ ತಿಂಗಳು ಸಾಗುತ್ತದೆ. ಒಬ್ಬರಿಗೆ ಬಾಯಿಮಾತಿನ ಮೇಲೆ ನಾಲ್ಕು ಹಾಡು ಬಾರಿಸಿಕೊಟ್ಟೆ, ದುಡ್ಡು ಇನ್ನೂ ಬಂದಿಲ್ಲ. ಮೊದಲೇ ವಾಟ್ಸಾಪ್‌ನಲ್ಲಾದರೂ ಮೊತ್ತ ಬರೆಸಿಕೊಳ್ಳಲಿ. ದೊಡ್ಡ ಕೆಲಸ ಬೆಂಗಳೂರು, ಮುಂಬೈನಲ್ಲೇ ಜಾಸ್ತಿ, ಉದ್ಯಾನ್ ಎಕ್ಸ್‌ಪ್ರೆಸ್ ಎರಡಕ್ಕೂ ನಮ್ಮೂರ ಮೇಲೇ ಹೋಗುತ್ತದೆ.

ಡ್ರಮ್ಸ್ ಕ್ಲಾಸಿಗೆ ಹಾಕಿ. ಭಜನೆ ಮಾತ್ರ ಬಿಡಿಸಬೇಡಿ. ಡ್ರಮ್ಸ್ ಬಾರಿಸುವವರು ಊರೂರಲ್ಲೂ ಇದ್ದಾರೆ. ದಮ್ಮಡಿಗೆ, ಕೆಂಡದ ಕಾವಿಗೆ ಹಿಡಿದ ಹಲಗೆಗೆ ಕೈ ಬೇಕಾದಾಗ ಫೋನ್ ಬರುವುದು ನಮ್ಮ ಕಡೆಯವರಿಗೇ.