ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್ ಇದೆಯಂತೆ, ತೆಗೆಸಿಬಿಡಲಾ?

ಪ್ರಶ್ನೆ: ಕಿಡ್ನಿ ಕಲ್ಲಿಗೆ ಅಂತ ಸ್ಕ್ಯಾನ್ ಮಾಡಿಸಿದೆ. ರಿಪೋರ್ಟ್‌ನಲ್ಲಿ ಕಲ್ಲಿನ ಜೊತೆಗೆ ಪ್ಯಾಂಕ್ರಿಯಾಸ್‌ನಲ್ಲಿ 14 ಮಿಲಿಮೀಟರ್ ಸಿಸ್ಟ್ ಅಂತಲೂ ಬರೆದಿದ್ದಾರೆ. ನನಗೆ ಅದರಿಂದ ಏನೂ ತೊಂದರೆ ಇಲ್ಲ. ಕ್ಯಾನ್ಸರ್ ಆಗುವ ಮೊದಲೇ ತೆಗೆಸಿಬಿಡಲಾ?

ಬೇಡ.

ಕೇಳುವವರು ಬದಲಾದಂತೆ 8 ಮಿಲಿಮೀಟರ್, 12, 19 ಅಂತ ಅಳತೆ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಮೊದಲು ಒಂದು ಮಾತು. ಪ್ಯಾಂಕ್ರಿಯಾಸ್ ಅಂದರೆ ಮೇದೋಜ್ಜೀರಕ ಗ್ರಂಥಿ, ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುವ ಅಂಗ. ಸಿಸ್ಟ್ ಅಂದರೆ ದ್ರವ ತುಂಬಿದ ಸಣ್ಣ ಚೀಲ. ವಯಸ್ಸಾದಂತೆ ಇದು ಜಾಸ್ತಿ ಜನರಲ್ಲಿ ಸಿಗುತ್ತದೆ. ಎಂಆರ್‌ಐ ಈಗ ಕೆಲವೇ ಮಿಲಿಮೀಟರಿನದ್ದನ್ನೂ ತೋರಿಸುತ್ತದೆ, ಹಾಗಾಗಿ ಬೇರೆ ಯಾವುದಕ್ಕೋ ಹೋದವರಿಗೆ ಇದು ಸಿಗುತ್ತದೆ. ಇವುಗಳಲ್ಲಿ ಬಹುಪಾಲು ಯಾವತ್ತೂ ಕ್ಯಾನ್ಸರ್ ಆಗುವುದಿಲ್ಲ.

ಇನ್ನು "ಸಣ್ಣದಿರುವಾಗಲೇ ಕಿತ್ತು ಹಾಕಿಸಿದರೆ ಚಿಂತೆ ಇಲ್ಲ" ಅನ್ನುವ ನಂಬಿಕೆ. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ, ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ತೀರಾ ಹಿಂಭಾಗದಲ್ಲಿ, ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡು. ಸಿಸ್ಟ್ ಅದರ ತಲೆಯ ಭಾಗದಲ್ಲಿದ್ದರೆ ಸಾಮಾನ್ಯವಾಗಿ ಮಾಡುವ ಆಪರೇಷನ್‌ಗೆ ವಿಪಲ್ ಅಂತ ಹೆಸರು. ತಲೆಯ ಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದಿಷ್ಟು, ಎಲ್ಲವೂ ಹೋಗಿ, ಉಳಿದ ಪ್ಯಾಂಕ್ರಿಯಾಸನ್ನೂ ಪಿತ್ತನಾಳವನ್ನೂ ಹೊಟ್ಟೆಯನ್ನೂ ಮತ್ತೆ ಕರುಳಿಗೆ ಹೊಲಿಯಬೇಕು. ಆ ಹೊಲಿಗೆಯಿಂದ ಜೀರ್ಣರಸ ಸೋರಿದರೆ ಪಕ್ಕದ ಅಂಗಾಂಗಗಳನ್ನೇ ತಿನ್ನತೊಡಗುತ್ತದೆ. ಒಳ್ಳೆಯ ಅನುಭವ ಇರುವ ಆಸ್ಪತ್ರೆಗಳಲ್ಲೂ ನೂರಕ್ಕೆ 1ರಿಂದ 3 ಜನ ಈ ಆಪರೇಷನ್ನಿನಿಂದಲೇ ಸಾಯಬಹುದು. ಬಾಲದ ಭಾಗದಲ್ಲಿದ್ದರೆ ಆಪರೇಷನ್ ಇಷ್ಟು ದೊಡ್ಡದಲ್ಲ, ಆದರೆ ಎಷ್ಟೋ ಸಲ ಗುಲ್ಮವೂ (ಸ್ಪ್ಲೀನ್) ಜೊತೆಗೆ ಹೋಗುತ್ತದೆ. ಉಳಿದ ಪ್ಯಾಂಕ್ರಿಯಾಸ್ ಸಾಲದೆ ಹೋದರೆ ಸಕ್ಕರೆ ಕಾಯಿಲೆ ಬರುತ್ತದೆ, ಊಟದ ಜೊತೆ ಎಂಜೈಮ್ ಮಾತ್ರೆ ನುಂಗಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲಾದರೂ ಚಿಂತೆ ಹೋಯಿತಾ? ಇಲ್ಲ. ಆಕಸ್ಮಿಕವಾಗಿ ಸಿಗುವ ಸಿಸ್ಟ್‌ಗಳಲ್ಲಿ ಐಪಿಎಂಎನ್ ಅನ್ನುವ, ಪ್ಯಾಂಕ್ರಿಯಾಸ್‌ನ ನಾಳಗಳಲ್ಲಿ ಹುಟ್ಟುವ ಲೋಳೆ ಜಾತಿಯವೇ ಬಹಳ, ಮತ್ತು ಅವು ಉಳಿದ ಪ್ಯಾಂಕ್ರಿಯಾಸ್‌ನಲ್ಲಿ ಹೊಸದಾಗಿಯೂ ಹುಟ್ಟಬಹುದು. ಅಂದರೆ ಆಪರೇಷನ್ ಆದರೂ ಸ್ಕ್ಯಾನ್ ತಪ್ಪುವುದಿಲ್ಲ. ಈ ಚಿಂತೆ ತಪ್ಪಿಸಿಕೊಳ್ಳೋಣ ಅಂತಲೇ ಆಪರೇಷನ್ ಕೇಳಿದ್ದು, ಅಲ್ವಾ?

ನೀವು ಕೇಳಬೇಕಾದ್ದು ಇದು ಯಾವ ಜಾತಿಯ ಸಿಸ್ಟ್ ಅಂತ. ಜೇನುಗೂಡಿನಂತೆ ಪುಟ್ಟಪುಟ್ಟ ಕೋಣೆಗಳಿದ್ದರೆ ಅದು ಸೀರಸ್, ಅಂದರೆ ತಿಳಿ ದ್ರವದ ಜಾತಿ, ಇರಬಹುದು, ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಹಿಂದೆ ಪ್ಯಾಂಕ್ರಿಯಾಸ್ ಉರಿಯೂತದಿಂದ ಆಸ್ಪತ್ರೆ ಸೇರಿದ್ದವರಲ್ಲಿ ಅದು ಉರಿಯೂತದ ನಂತರ ದ್ರವ ಸೇರಿ ಆಗುವ ಸುಳ್ಳು ಸಿಸ್ಟ್ ಆಗಿರಬಹುದು, ಇದನ್ನು ಹೇಳಲು ಮರೆಯಬೇಡಿ. ನಡುವಯಸ್ಸಿನ ಹೆಂಗಸರಲ್ಲಿ ಬಾಲದ ಕಡೆ ಬರುವ ಒಂದು ಲೋಳೆ ಸಿಸ್ಟ್ ಇದೆ, ಅದಕ್ಕೆ ಮಾತ್ರ ಆಪರೇಷನ್ ಸಲಹೆ ಹೆಚ್ಚು, ಏಕೆಂದರೆ ಅದು ಸಾಮಾನ್ಯವಾಗಿ ಒಂದೇ ಇರುತ್ತದೆ, ಕ್ಯಾನ್ಸರ್ ಆಗುವ ಮೊದಲೇ ತೆಗೆದರೆ ಕಥೆ ಮುಗಿಯುತ್ತದೆ.

ಕಾಮಾಲೆ, ಪ್ಯಾಂಕ್ರಿಯಾಸ್‌ನ ಮುಖ್ಯ ನಾಳ 10 ಮಿಲಿಮೀಟರ್ ಅಥವಾ ಹೆಚ್ಚು ಹಿಗ್ಗಿರುವುದು, ಸಿಸ್ಟ್ ಒಳಗೆ 5 ಮಿಲಿಮೀಟರ್ ಅಥವಾ ದೊಡ್ಡದಾದ ಘನ ಗಂಟು, ಇವು ಕಂಡರೆ ಸರ್ಜನ್ ಹತ್ತಿರ ಹೋಗಲೇಬೇಕು. ಸಿಸ್ಟ್ 3 ಸೆಂಟಿಮೀಟರ್ ಮುಟ್ಟಿದರೆ, ನಾಳ 5ರಿಂದ 9 ಮಿಲಿಮೀಟರ್ ಇದ್ದರೆ, ಬೇಗ ಬೆಳೆಯುತ್ತಿದ್ದರೆ ಎಂಡೋಸ್ಕೋಪಿ ಅಲ್ಟ್ರಾಸೌಂಡ್ (ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದ ನೋಡುವ ಸ್ಕ್ಯಾನ್) ಮಾಡಿ, ಬೇಕಾದರೆ ಸೂಜಿಯಿಂದ ದ್ರವ ತೆಗೆದು ನೋಡುತ್ತಾರೆ. ಆ ದ್ರವದಲ್ಲಿ ಸಕ್ಕರೆ ಅಂಶ ಕಡಿಮೆ ಇದ್ದರೆ ಲೋಳೆ ಜಾತಿಯದು ಅನ್ನುವ ಸುಳಿವು. ಇಷ್ಟು ಸರಳ ಪರೀಕ್ಷೆ ಇಷ್ಟು ಹೇಳುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ನಿಮ್ಮದು ಐಪಿಎಂಎನ್ ಅಂದುಕೊಂಡರೂ, 14 ಮಿಲಿಮೀಟರ್, ಬೇರೆ ಲಕ್ಷಣ ಇಲ್ಲ. ಐಪಿಎಂಎನ್‌ಗಾಗಿ ಇರುವ 2024ರ ಅಂತರರಾಷ್ಟ್ರೀಯ ಕ್ಯೋಟೋ ಮಾರ್ಗಸೂಚಿಯ ಪ್ರಕಾರ 20 ಮಿಲಿಮೀಟರ್‌ಗಿಂತ ಸಣ್ಣದನ್ನು 6 ತಿಂಗಳಾದ ಮೇಲೆ ಒಂದು ಸಲ ನೋಡಿ, ಬದಲಾಗದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ ನೋಡಿದರೆ ಸಾಕು. ನಿಮ್ಮ ವೈದ್ಯರು ಸ್ವಲ್ಪ ಆಚೀಚೆ ಹೇಳಿದರೆ ಗಾಬರಿ ಬೇಡ, ಬೇರೆ ಬೇರೆ ಮಾರ್ಗಸೂಚಿಗಳಿವೆ.

ಈ ಸ್ಕ್ಯಾನ್‌ಗಳನ್ನು ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. 5 ವರ್ಷ ಕದಲದ ಸಣ್ಣ ಸಿಸ್ಟ್ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ. ಆದರೆ ವಯಸ್ಸಿನಿಂದಲೋ ಹೃದಯದ ತೊಂದರೆಯಿಂದಲೋ ದೊಡ್ಡ ಆಪರೇಷನ್ ತಾಳಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದವರಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವುದು ಸುಮ್ನೆ ಹಿಂಸೆ. ಏನಾದರೂ ಕಂಡರೂ ಮಾಡುವುದೇನಿದೆ? ಮನೆಯ ಹಿರಿಯರನ್ನು ಪ್ರತಿ ಸಲ ಆ ಯಂತ್ರದೊಳಗೆ ಮಲಗಿಸುವ ಮೊದಲು ಇದನ್ನು ವೈದ್ಯರ ಹತ್ತಿರ ಬಾಯಿಬಿಟ್ಟು ಕೇಳಿ.

ಅಂದಹಾಗೆ, ಕಲ್ಲಿಗಾಗಿ ಹಿಂದೆಯೂ ಸ್ಕ್ಯಾನ್ ಮಾಡಿಸಿದ್ದರೆ ಆ ಸಿಡಿ ಹುಡುಕಿ ತೆಗೆದುಕೊಂಡು ಹೋಗಿ, ರಿಪೋರ್ಟ್ ಹಾಳೆ ಒಂದೇ ಸಾಲದು. ಈ ಸಿಸ್ಟ್ ಅವತ್ತೇ ಅಲ್ಲಿ ಇಷ್ಟೇ ದೊಡ್ಡದಾಗಿ ಕೂತಿದ್ದು, ಯಾರೂ ಗಮನಿಸದೆ ಇದ್ದಿರಬಹುದು.