ಓಡಿಸುವವರ ಕೈ ಗುರುತಿಸುವ ಕಾರು

ಒಂದೇ ಕಾರನ್ನು ಒಂದೇ ರಸ್ತೆಯಲ್ಲಿ ಇಬ್ಬರು ಓಡಿಸಲಿ. ಒಬ್ಬರದು ಪಳಗಿದ ಕೈ, ಇನ್ನೊಬ್ಬರಿಗೆ ಲೈಸೆನ್ಸ್ ಸಿಕ್ಕಿದ್ದು ಮೊನ್ನೆ ಮೊನ್ನೆ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತವರಿಗೆ ಯಾರು ಯಾವಾಗ ಓಡಿಸಿದರೆಂದು ಗೊತ್ತೇ ಆಗದಿದ್ದರೆ ಆ ಕಾರು ಫ್ರಿಜ್ಜು, ವಾಷಿಂಗ್ ಮಷಿನ್ನುಗಳ ಬಳಗಕ್ಕೆ ಸೇರಿದ್ದು. ಗುಂಡಿ ಒತ್ತಿದವರು ಯಾರಾದರೇನು, ಕೆಲಸ ಆಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಮೊದಲ ತಿರುವಿನಲ್ಲೇ ಕೈ ಬದಲಾದದ್ದು ತಿಳಿದುಬಿಡುತ್ತದೆ. ಕಾರಿನ ವ್ಯಕ್ತಿತ್ವ ಎಂದು ನಾವು ಕರೆಯುವುದರ ಬಹುಪಾಲು ಇಷ್ಟೇ: ಓಡಿಸುವವರ ಸಣ್ಣ ಚಲನೆಗೂ ಅದು ತಕ್ಕ ಉತ್ತರ ಕೊಡುತ್ತದೆ, ಮತ್ತು ಆ ಉತ್ತರ ದಿನಕ್ಕೊಂದು ಥರ ಇರುವುದಿಲ್ಲ.

ಉಪಕರಣ ಎನ್ನುವುದು ಬೈಗುಳವೇನಲ್ಲ. 1966ರಲ್ಲಿ ಶುರುವಾದ ಟೊಯೋಟಾ ಕೊರೊಲಾ ಐದು ಕೋಟಿಗೂ ಹೆಚ್ಚು ಮಾರಾಟವಾಗಿದೆ. ಅದರ ಮೇಲೆ ಯಾರೂ ಕವನ ಬರೆದಿರಲಿಕ್ಕಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಅಷ್ಟು ಸಾಕಾಗಿತ್ತು. 1989ರ ಲೆಕ್ಸಸ್ ಎಲ್‌ಎಸ್ 400 ಕಾರಿನ ಜಾಹೀರಾತಿನಲ್ಲಿ ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳನ್ನು ಗೋಪುರದಂತೆ ಪೇರಿಸಿ ಇಂಜಿನ್ ಓಡಿಸಿದ್ದರು, ಗ್ಲಾಸುಗಳು ಬೀಳಲಿಲ್ಲ. ಅಷ್ಟು ನಯ ತರುವುದು ಸುಲಭದ ಎಂಜಿನಿಯರಿಂಗ್ ಅಲ್ಲ. ತೊಡಕು ಏನೆಂದರೆ, ಸದ್ದು ಮತ್ತು ನಡುಕವನ್ನು ಸೋಸುವ ಜರಡಿ ಬೇಡದ್ದರ ಜೊತೆಗೆ ಬೇಕಾದ್ದನ್ನೂ ಸೋಸಿಬಿಡುತ್ತದೆ. ಯಾವ ನಡುಕ ಬರೀ ಕಿರಿಕಿರಿ, ಯಾವುದು ಓಡಿಸುವವರಿಗೆ ಸುದ್ದಿ ಎಂದು ಬೇರ್ಪಡಿಸಿದ ಕಾರುಗಳು ಕೆಲವೇ.

ಸ್ಟೀರಿಂಗ್ ಇದಕ್ಕೆ ಅತಿ ಒಳ್ಳೆಯ ಉದಾಹರಣೆ. ತಿರುವಿನಲ್ಲಿ ಟೈರ್ ನೆಲಕ್ಕೆ ತಾಗುವ ಅಂಗೈ ಅಗಲದ ಜಾಗದಲ್ಲಿ ರಬ್ಬರ್ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಆಗ ಪಕ್ಕದ ಬಲ ಆ ಜಾಗದ ನಟ್ಟನಡುವೆ ಬೀಳದೆ ಕೊಂಚ ಹಿಂದಕ್ಕೆ ಬೀಳುತ್ತದೆ. ಈ ಅಂತರಕ್ಕೆ ನ್ಯೂಮ್ಯಾಟಿಕ್ ಟ್ರೇಲ್ ಎನ್ನುತ್ತಾರೆ. ಚಕ್ರವನ್ನು ನೇರಕ್ಕೆ ಮರಳಿಸುವ ಬಲ ಹುಟ್ಟುವುದು ಇದರಿಂದ ಮತ್ತು ಕ್ಯಾಸ್ಟರ್ ಕೋನದಿಂದ, ಅಂದರೆ ಸ್ಟೀರಿಂಗ್ ತಿರುಗುವ ಅಕ್ಷದ ಮೇಲ್ತುದಿ ಹಿಂದಕ್ಕೆ ವಾಲಿರುವುದರಿಂದ. ಸ್ವಾರಸ್ಯ ಇರುವುದು ಮುಂದೆ: ಟೈರ್ ತನ್ನ ಹಿಡಿತದ ಅಂಚಿಗೆ ಹತ್ತಿರವಾದಂತೆ ಈ ಅಂತರ ಕುಗ್ಗುತ್ತಾ ಹೋಗುತ್ತದೆ. ಅಂದರೆ ಹಿಡಿತ ಇನ್ನೂ ಸ್ವಲ್ಪ ಬಾಕಿ ಇರುವಾಗಲೇ ಸ್ಟೀರಿಂಗ್ ಹಗುರವಾಗತೊಡಗುತ್ತದೆ. ಮುಂದಿನ ಚಕ್ರ ಜಾರುವ ಮೊದಲೇ ಕೈಗೆ ಬರುವ ಮುನ್ಸೂಚನೆ ಅದು. ಕ್ಯಾಸ್ಟರ್ ಕೋನ ತೀರಾ ಹೆಚ್ಚಿದ್ದರೆ ನೇರ ರಸ್ತೆಯಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಕ್ಯಾಸ್ಟರ್‌ನ ಭಾರದಲ್ಲಿ ಈ ಸಣ್ಣ ಹಗುರುತನ ಮುಳುಗಿಹೋಗುತ್ತದೆ.

ಈ ಸುದ್ದಿ ಟೈರಿನಿಂದ ಕೈವರೆಗೆ ಬರುವ ದಾರಿಯಲ್ಲಿ ಕಳೆದುಹೋಗಲು ಜಾಗ ಬೇಕಾದಷ್ಟಿವೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನಲ್ಲಿ ತಿರುಚುವ ಸರಳಿನ ಮೇಲೊಂದು ಸೆನ್ಸರ್, ಲೆಕ್ಕ ಹಾಕುವ ಕಂಪ್ಯೂಟರ್, ನೂಕುವ ಮೋಟರು ಇರುತ್ತವೆ. ಮೋಟರಿಗೆ ತನ್ನದೇ ಜಡತ್ವ, ಅದರ ಗೇರಿಗೆ ತನ್ನದೇ ಘರ್ಷಣೆ. ಮೋಟರನ್ನು ಡ್ಯಾಶ್‌ಬೋರ್ಡ್ ಕೆಳಗಿನ ಕಾಲಂಗೆ (ಸ್ಟೀರಿಂಗ್‌ನಿಂದ ಇಳಿಯುವ ಕಂಬಿಗೆ) ಕಟ್ಟಿದರೆ ಅಗ್ಗ, ಆದರೆ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಾದ ರ‍್ಯಾಕ್‌ನಿಂದ ಅದು ದೂರ. ನಡುವಿನ ಶಾಫ್ಟ್, ಜಾಯಿಂಟುಗಳೆಲ್ಲ ದಾಟಬೇಕು. ರ‍್ಯಾಕ್‌ಗೇ ಸಮಾನಾಂತರವಾಗಿ ಜೋಡಿಸಿದರೆ ದುಬಾರಿ, ಆದರೆ ಉತ್ತರ ಚುರುಕು. ಎಣ್ಣೆಯ ಒತ್ತಡದಿಂದ ನೂಕುತ್ತಿದ್ದ ಹಳೆಯ ಹೈಡ್ರಾಲಿಕ್ ವ್ಯವಸ್ಥೆಯನ್ನು ಜನ ನೆನೆಸಿಕೊಳ್ಳುವುದು ಸುಮ್ಮನೆ ಅಲ್ಲ. ಹಾಗಂತ ಎಲೆಕ್ಟ್ರಿಕ್ ಎಂದರೆ ಕೆಟ್ಟದ್ದು ಎನ್ನುವ ಮಾತೂ ಈಗ ಹಳಸಿದೆ. ಘರ್ಷಣೆ ಕಡಿಮೆ ಮಾಡಿ, ಸಾಫ್ಟ್‌ವೇರನ್ನು ತಾಳ್ಮೆಯಿಂದ ಹೊಂದಿಸಿದವು ಚೆನ್ನಾಗಿಯೇ ಮಾತಾಡುತ್ತವೆ. ಅನುಮಾನ ಪಡಬೇಕಾದ್ದು ಸ್ಪೋರ್ಟ್ ಗುಂಡಿಯ ಮೇಲೆ. ಬಹುತೇಕ ಕಾರುಗಳಲ್ಲಿ ಅದು ಸ್ಟೀರಿಂಗ್ ಅನ್ನು ಭಾರ ಮಾಡುತ್ತದೆ, ಅಷ್ಟೇ. ರಸ್ತೆಯ ಬಗ್ಗೆ ಒಂದಕ್ಷರ ಹೆಚ್ಚು ಹೇಳುವುದಿಲ್ಲ.

ಸಸ್ಪೆನ್ಷನ್ ವಿಷಯದಲ್ಲಿ ಜನ ಮೊದಲು ದೂರುವುದು ವಾಲುವಿಕೆಯನ್ನು. 1948ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದ ಸಿಟ್ರೊಯೆನ್ 2ಸಿವಿ ತಿರುವಿನಲ್ಲಿ ವಾಲುವುದನ್ನು ನೋಡಿದರೆ ಪಕ್ಕದಲ್ಲಿ ನಿಂತವರ ಎದೆ ಝಲ್ಲೆನ್ನಬೇಕು. ಆದರೂ ಅದರ ಟೈರುಗಳು ನೆಲ ಬಿಡುವುದಿಲ್ಲ. ಓಡಿಸುವವರಿಗೆ ಎಷ್ಟು ವಾಲಿದೆ, ಇನ್ನೆಷ್ಟು ಬಾಕಿಯಿದೆ ಎನ್ನುವುದು ಸೊಂಟಕ್ಕೇ ತಿಳಿಯುತ್ತದೆ. 1959ರ ಮಿನಿಯದು ತದ್ವಿರುದ್ಧ: ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ವಿನ್ಯಾಸದ ರಬ್ಬರ್ ಕೋನುಗಳು, 10 ಇಂಚಿನ ಚಕ್ರಗಳು, ಅಲುಗಾಡಿಸಿದ ತಕ್ಷಣ ತಿರುಗುವ ಮೂಗು. ಎರಡಕ್ಕೂ ವ್ಯಕ್ತಿತ್ವ ಇದೆ, ಎರಡೂ ಒಂದಕ್ಕೊಂದು ಹೋಲುವುದಿಲ್ಲ. ಮುಖ್ಯವಾದದ್ದು ಎಷ್ಟು ವಾಲುತ್ತದೆ ಎಂಬುದಲ್ಲ, ವಾಲುವುದು ಒಂದೇ ಹದದಲ್ಲಿ ಆಗುತ್ತದೆಯೇ ಎಂಬುದು. ಮೊದಲು ಮೆತ್ತಗೆ ಬಿಟ್ಟುಕೊಟ್ಟು ಆಮೇಲೆ ಸಸ್ಪೆನ್ಷನ್ ಚಲನೆಯ ಕೊನೆಯಲ್ಲಿರುವ ರಬ್ಬರ್ ತಡೆಯಾದ ಬಂಪ್ ಸ್ಟಾಪ್‌ಗೆ ಧಡಕ್ಕನೆ ಬಡಿಯುವ ಕಾರು ಯಾರ ನಂಬಿಕೆಯನ್ನೂ ಗಳಿಸುವುದಿಲ್ಲ.

ಅಂಕಿಯಲ್ಲಿ ಹೇಳುವುದಾದರೆ, ಆರಾಮದ ಕಾರಿನ ದೇಹ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ತೂಗುತ್ತದೆ, ಚುರುಕಿನದು 1.5ರಿಂದ 2 ಸಲ. ಹಿಂದಿನ ಸ್ಪ್ರಿಂಗುಗಳ ತೂಗಾಟ ಮುಂದಿನದಕ್ಕಿಂತ ಸ್ವಲ್ಪ ವೇಗವಾಗಿರಬೇಕು ಎಂದು 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಓಲಿ ತೋರಿಸಿದರು. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತದೆ. ತಡವಾಗಿ ಹತ್ತುವ ಹಿಂಭಾಗ ಬೇಗ ತೂಗಿದರೆ ಮುಂಭಾಗದ ಜೊತೆ ಕೂಡಿಕೊಳ್ಳುತ್ತದೆ, ಮೂಗು ಮೇಲೆ-ಬಾಲ ಕೆಳಗೆ ಎಂಬ ತುಯ್ದಾಟ ನಿಲ್ಲುತ್ತದೆ. ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳಾದ ಬುಶ್‌ಗಳಲ್ಲೂ ಇಂಥದೇ ಲೆಕ್ಕ. ಚಕ್ರವನ್ನು ಕೆಳಗಿನಿಂದ ಕಾರಿನ ದೇಹಕ್ಕೆ ಜೋಡಿಸುವ ಎಲ್ ಆಕಾರದ ಲೋವರ್ ಆರ್ಮ್‌ಗೆ ಎರಡು ಬುಶ್: ಮುಂದಿನದು ಗಡುಸು, ತಿರುವಿನ ಬಲ ಹೊರಲು, ಹಿಂದಿನದು ಮೆತ್ತಗೆ, ಗುಂಡಿಗೆ ಬಿದ್ದಾಗ ಚಕ್ರ ಕೊಂಚ ಹಿಂದೆ ಸರಿಯಲು. ಎರಡನ್ನೂ ಮೆತ್ತಗೆ ಮಾಡಿದರೆ ಗುಂಡಿಯ ಹೊಡೆತದ ಜೊತೆ ಸ್ಟೀರಿಂಗ್‌ನ ಖಚಿತತೆಯೂ ಹೋಗುತ್ತದೆ.

ಇಂಜಿನ್ನಿನ ದನಿ ಸಿಲಿಂಡರ್ ಎಣಿಕೆಯಲ್ಲೇ ಅರ್ಧ ನಿರ್ಧಾರವಾಗಿರುತ್ತದೆ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ನಾಲ್ಕು ಸಿಲಿಂಡರಿನ ಇಂಜಿನ್ ಸೆಕೆಂಡಿಗೆ ಸುಮಾರು 27 ಸಲ ಉರಿಯುತ್ತದೆ, ಮೂರು ಸಿಲಿಂಡರಿನದು 20 ಸಲ. ಅದಕ್ಕೇ ಸಿಗ್ನಲ್ಲಿನಲ್ಲಿ ನಿಂತಾಗ ಮೂರು ಸಿಲಿಂಡರಿನ ಕಾರು ಸೀಟಿನ ಮೂಲಕ ತನ್ನನ್ನು ತಾನೇ ಪರಿಚಯಿಸಿಕೊಳ್ಳುವುದು. ಸಾಲಿನಲ್ಲಿ ಆರು ಸಿಲಿಂಡರ್ ಇದ್ದರೆ ಪಿಸ್ಟನ್ನುಗಳ ಮೊದಲ ಮತ್ತು ಎರಡನೇ ದರ್ಜೆಯ ಅಲುಗಾಟ (ಪ್ರತಿ ಸುತ್ತಿನಲ್ಲಿ ಒಮ್ಮೆ ಬರುವುದು ಮತ್ತು ಎರಡು ಸಲ ಬರುವುದು) ಒಂದನ್ನೊಂದು ಪೂರ್ತಿ ಕಳೆದುಕೊಳ್ಳುತ್ತವೆ. ಸುಬಾರುವಿನ ಬಾಕ್ಸರ್ (ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಮಲಗಿರುವ) ಇಂಜಿನ್ನಿನ ಹೆಸರಾಂತ ಗುಡುಗುಡು ಬರುತ್ತಿದ್ದದ್ದು ಎಡ-ಬಲದ ಎಕ್ಸಾಸ್ಟ್ ಕೊಳವೆಗಳ ಉದ್ದ ಬೇರೆ ಬೇರೆ ಇದ್ದದ್ದರಿಂದ. ಉದ್ದ ಸಮ ಮಾಡಿದರೆ ಗುಡುಗು ಮಾಯ. ಸದ್ದನ್ನು ಕ್ಯಾಬಿನ್ನಿಗೆ ತರಲು ಎರಡು ದಾರಿಗಳಿವೆ. ಇಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್‌ನಿಂದ ಒಂದು ಕೊಳವೆ ಎಳೆದು ಪೊರೆಯ ಮೂಲಕ ನಿಜವಾದ ಸದ್ದನ್ನೇ ಒಳಗೆ ಬಿಡುವುದು ಒಂದು. ಎಫ್10 ಸರಣಿಯ ಬಿಎಂಡಬ್ಲ್ಯು ಎಂ5ನಲ್ಲಿದ್ದಂತೆ ಸ್ಪೀಕರುಗಳಿಂದ ನುಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಇಂಜಿನ್ನಿನ ಮೇಲೆ ಬಿದ್ದ ಹೊರೆ ಕಿವಿಗೆ ತಿಳಿಯುತ್ತದೆ. ಎರಡನೆಯದು ಎಷ್ಟು ಇಂಪಾಗಿದ್ದರೂ ರೆಕಾರ್ಡು.

ಆಕ್ಸಿಲರೇಟರಿನಲ್ಲಿ ಮೋಸ ಹೋಗುವವರೇ ಹೆಚ್ಚು. ಪೆಡಲ್ ಮತ್ತು ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಕವಾಟ) ನಡುವೆ ಈಗ ಕೇಬಲ್ ಇಲ್ಲ, ಸಾಫ್ಟ್‌ವೇರ್ ಇದೆ. ಪೆಡಲನ್ನು ಐದನೇ ಒಂದು ಭಾಗ ಒತ್ತಿದರೆ ಥ್ರಾಟಲ್ ಅರ್ಧ ತೆರೆಯುವಂತೆ ಬರೆದುಬಿಟ್ಟರೆ ಟೆಸ್ಟ್ ಡ್ರೈವ್‌ನಲ್ಲಿ ಪಿಕಪ್ ಭರ್ಜರಿ ಎನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಪೆಡಲಿನ ಉಳಿದ ಉದ್ದದಲ್ಲಿ ಹೇಳಲಿಕ್ಕೆ ಏನೂ ಉಳಿದಿಲ್ಲ ಎಂದು. ಟ್ರಾಫಿಕ್ಕಿನಲ್ಲಿ ನಾಜೂಕಾಗಿ ಮುಂದೆ ಸರಿಯಲೂ ಆಗದು, ತಲೆಗಳು ಮುಂದೆ-ಹಿಂದೆ ಆಡುತ್ತವೆ. ಮೆಟ್ಟಿಲುಗಳಿಲ್ಲದೆ ಗೇರ್ ಅನುಪಾತ ಬದಲಿಸುವ ಸಿವಿಟಿ ಗೇರ್‌ಬಾಕ್ಸಿನ ತೊಂದರೆ ಬೇರೆ: ಇಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಕಿವಿಗೂ ಕಾಲಿಗೂ ಸಂಬಂಧ ತಪ್ಪಿದ ಮೇಲೆ ಕಾರು ಎಷ್ಟು ಶಕ್ತಿವಂತವಾದರೂ ದೂರದವರಂತೆ ಕಾಣುತ್ತದೆ.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ನೋಡಿ. 1.6 ಲೀಟರಿನ ಸಾಧಾರಣ ಇಂಜಿನ್. ಓಟದ ಲೆಕ್ಕದಲ್ಲಿ ದೊಡ್ಡದೇನೂ ಅಲ್ಲ. ಆದರೆ ತೂಕ ಒಂದು ಟನ್ನಿನ ಒಳಗೆ. ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯ ಮೇಲೇ ಕೂತಿದೆ. ಗೇರ್‌ಬಾಕ್ಸಿನಿಂದ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯುಮಿನಿಯಂ ಚೌಕಟ್ಟೊಂದನ್ನು ಬಿಗಿದಿದ್ದರಿಂದ ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ತಿರುಚಿಕೊಂಡು ಸಮಯ ತಿನ್ನುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕ್ಲಚ್, ಗೇರ್, ಬ್ರೇಕ್, ಸ್ಟೀರಿಂಗ್ ಎಲ್ಲವೂ ಒಂದೇ ಹದದ ಭಾರ. ಈ ಕೊನೆಯದನ್ನು ಬ್ರೋಷರ್‌ನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಸ್ಟೀರಿಂಗ್ ಹೂವಿನಷ್ಟು ಹಗುರ, ಕ್ಲಚ್ ಕಲ್ಲಿನಷ್ಟು ಭಾರ ಇರುವ ಕಾರಿನಲ್ಲಿ ಕೈಕಾಲುಗಳು ಹೊಂದಿಕೊಳ್ಳುವುದೇ ಇಲ್ಲ.

ಮುಖ, ಕಣ್ಣಿನಂಥ ಹೆಡ್‌ಲೈಟು, ಸಾಬ್ 900ನಲ್ಲಿ ಎರಡು ಸೀಟುಗಳ ನಡುವೆ ಇದ್ದ ಕೀ ತೂತು, ಇವೆಲ್ಲ ನೆನಪಿನಲ್ಲಿ ಉಳಿಯುತ್ತವೆ, ನಿಜ. ಆದರೆ ಅವು ಗುರುತುಗಳು ಮಾತ್ರ. ಪದೇ ಪದೇ ಕೆಟ್ಟು ನಿಲ್ಲುವುದನ್ನು ವ್ಯಕ್ತಿತ್ವ ಎಂದು ಸಮರ್ಥಿಸಿಕೊಳ್ಳುವವರ ಜೊತೆ ನಮಗೆ ಸಹಮತವಿಲ್ಲ. ಪೋರ್ಷೆ 911ರಲ್ಲಿ ಇಂಜಿನ್ ಹಿಂದಿನ ಚಕ್ರಗಳ ಆಚೆ ತೂಗುತ್ತದೆ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ಕಿತ್ತರೆ ಹಳೆಯ ಮಾದರಿಗಳ ಬಾಲ ಹೊರಕ್ಕೆ ಬೀಸುತ್ತಿತ್ತು. ಅದು ವಿನ್ಯಾಸದ ದೋಷವೇ. ಆದರೆ ಪ್ರತಿ ಸಲ ಒಂದೇ ಕಾರಣಕ್ಕೆ ಒಂದೇ ರೀತಿ ಆಗುತ್ತಿದ್ದರಿಂದ ಕಲಿಯಬಹುದಾಗಿತ್ತು, ಕಲಿತವರಿಗೆ ಅದೇ ಆಯುಧವೂ ಆಗಿತ್ತು. ಯಾವಾಗಲೋ ಒಮ್ಮೆ ಸುಮ್ಮನೆ ನಿಂತುಬಿಡುವ ವಯರಿಂಗ್‌ನಿಂದ ಕಲಿಯುವುದಕ್ಕೆ ಏನೂ ಇಲ್ಲ.

ಕೊಳ್ಳುವ ಮೊದಲು ಇದನ್ನೆಲ್ಲ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು, ವೇಗ ಬೇಕಾಗಿಲ್ಲ. ಖಾಲಿ ನೇರ ರಸ್ತೆಯಲ್ಲಿ 60 ಕಿ.ಮೀ. ವೇಗದಲ್ಲಿ ಸ್ಟೀರಿಂಗನ್ನು ಒಂದು ಬೆರಳಗಲ ಎಡಕ್ಕೆ, ಒಂದು ಬೆರಳಗಲ ಬಲಕ್ಕೆ ಆಡಿಸಿ. ಮೂಗು ಅಷ್ಟೇ ಮೆಲ್ಲಗೆ ಹಿಂಬಾಲಿಸಬೇಕು. ಮೊದಲು ಏನೂ ಆಗದೆ ಆಮೇಲೆ ತಟ್ಟನೆ ತಿರುಗಿದರೆ ನಡುವಿನ ಜಾಗ ಸತ್ತಿದೆ. ವಾಹನಗಳಿಲ್ಲದ ವಿಶಾಲ ಜಾಗದಲ್ಲಿ 40ರ ವೇಗದಲ್ಲಿ ದುಂಡಗೆ ಸುತ್ತುತ್ತಾ ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಕಾರು ಕೊಂಚ ಒಳಕ್ಕೆ ಎಳೆದುಕೊಂಡರೆ ಅದು ನಿಮ್ಮ ಕಾಲಿನ ಮಾತು ಕೇಳುತ್ತಿದೆ ಎಂದರ್ಥ. 30ರಿಂದ ಬ್ರೇಕ್ ಹಾಕಿ ಕೊನೆಯ ಒಂದು ಮೀಟರಿನಲ್ಲಿ ಒತ್ತಡ ಬಿಡುತ್ತಾ ಬನ್ನಿ. ಮೂಗು ತಲೆಯಾಡಿಸದೆ ನಿಲ್ಲಿಸಲು ಸಾಧ್ಯವಾದರೆ ಪೆಡಲ್ ಚೆನ್ನಾಗಿದೆ. ಎಷ್ಟು ಹುಷಾರಾಗಿ ಒತ್ತಿದರೂ ಕಚ್ಚಿ ನಿಂತರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಹೊಂದಿಸಿದವರು ಅವಸರ ಮಾಡಿದ್ದಾರೆ.

ಮನೆಯಲ್ಲಿರುವ ಕಾರು ಮೊದಲು ಮಾತಾಡುತ್ತಿತ್ತು, ಈಗ ಮಂಕಾಗಿದೆ ಎಂದಾದರೆ ದುಬಾರಿ ಭಾಗಗಳಿಗೆ ಕೈ ಹಾಕುವ ಮುನ್ನ ಗಾಳಿ ನೋಡಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡ ತಣ್ಣಗಿನ ಟೈರಿಗೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಮೊದಲು ಬಾಗಿ ಆಮೇಲೆ ಕಾರು ತಿರುಗುತ್ತದೆ. ಹೆಚ್ಚಾದರೆ ನೆಲದ ಸ್ಪರ್ಶ ಗಿಡ್ಡವಾಗಿ ಸ್ಟೀರಿಂಗ್ ಪೊಳ್ಳು ಎನಿಸುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಮೇಲ್ತುದಿಯ ಬೇರಿಂಗ್ ಹಿಡಿದುಕೊಂಡಿರಬಹುದು, ಇಲ್ಲವೇ ಕಾಲಂನ ಜಾಯಿಂಟ್ ಒಣಗಿರಬಹುದು. ಬುಶ್ ಬದಲಾಯಿಸುವಾಗ ಆಗುವ ತಪ್ಪು ಒಂದೇ, ಮತ್ತು ಅದು ಎಲ್ಲೆಡೆ ಆಗುತ್ತದೆ: ಕಾರು ಲಿಫ್ಟ್ ಮೇಲೆ, ಚಕ್ರಗಳು ಜೋತುಬಿದ್ದಿರುವಾಗಲೇ ಆರ್ಮ್ ಬೋಲ್ಟ್ ಬಿಗಿಯುವುದು. ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಕಾರಿನ ಭಾರ ಚಕ್ರಗಳ ಮೇಲೆ ಬಂದಮೇಲೆ ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಹಾಕಬೇಕು. ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಹಾಕಿ, ಬಂಪ್ ಸ್ಟಾಪ್ ಹೊಸದಿರಲಿ, ಕೊನೆಗೆ ಅಲೈನ್‌ಮೆಂಟ್.

ವ್ಯಕ್ತಿತ್ವವನ್ನು ಹೊರಗಿನಿಂದ ತಂದು ಜೋಡಿಸಲು ಹೋದಾಗ ಕೆಡುವುದೇ ಜಾಸ್ತಿ. ಎರಡು ಇಂಚು ದೊಡ್ಡ ಅಲಾಯ್ ಹಾಕಿ ಆಫ್‌ಸೆಟ್ (ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಅಳತೆ) ಬದಲಾದರೆ ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರಿನ ನಡುವಿಗೂ ಇದ್ದ ಅಂತರ ಬದಲಾಗಿ, ರಸ್ತೆಯ ಗೀರುಗಳೆಲ್ಲ ಕಾರನ್ನು ಎಳೆದಾಡತೊಡಗುತ್ತವೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತೀರಾ ತಗ್ಗಿಸಿದರೆ ಗುರುತ್ವ ಕೇಂದ್ರಕ್ಕಿಂತ ರೋಲ್ ಸೆಂಟರ್ (ವಾಲುವಾಗ ದೇಹ ಸುತ್ತುವ ಬಿಂದು) ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗಿ, ಗಡುಸು ಸ್ಪ್ರಿಂಗ್ ಇಲ್ಲದೆ ಹೋದರೆ ಕಾರು ಮೊದಲಿಗಿಂತ ಜಾಸ್ತಿಯೇ ವಾಲುತ್ತದೆ.

ಎಲೆಕ್ಟ್ರಿಕ್ ಕಾರುಗಳೆಲ್ಲ ಉಪಕರಣಗಳೇ ಎನ್ನುವ ಗೊಣಗಾಟದಲ್ಲಿ ಅರ್ಧ ಸತ್ಯವಿದೆ. ಸದ್ದಿಲ್ಲ, ಗೇರಿಲ್ಲ, ಬ್ಯಾಟರಿಯ ಭಾರ ಬೇರೆ. ಹ್ಯುಂಡೈ ಅಯೋನಿಕ್ 5 ಎನ್ ಸುಳ್ಳು ಗೇರುಗಳನ್ನೇ ಹುಟ್ಟಿಸಿ, ಪ್ರತಿ ಬದಲಾವಣೆಗೂ ಟಾರ್ಕನ್ನು (ತಿರುಗಿಸುವ ಬಲವನ್ನು) ಬೇಕೆಂದೇ ಕಡಿದು ಸಣ್ಣ ಜೋಲಿ ಹೊಡೆಸುತ್ತದೆ. ನಾಟಕ ಹೌದು, ಆದರೆ ವೇಗ ಎಷ್ಟಿದೆಯೆಂದು ಕಿವಿಗೂ ಬೆನ್ನಿಗೂ ತಿಳಿಸುವ ನಾಟಕ. ಇಂಥ ಕಾರು ಕೊಳ್ಳುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ಕಾರನ್ನೇ ಟೆಸ್ಟ್ ಡ್ರೈವ್‌ಗೆ ಕೇಳಿ. ತುಂಬಿದ ಬ್ಯಾಟರಿ ಮೋಟರು ಕಾರನ್ನು ನಿಧಾನಿಸುವಾಗ ಹುಟ್ಟುವ ವಿದ್ಯುತ್ತನ್ನು ಹೆಚ್ಚು ತೆಗೆದುಕೊಳ್ಳಲಾರದು. ಆಕ್ಸಿಲರೇಟರ್ ಬಿಟ್ಟಾಗ ಆಗುವ ತಡೆ ಆಗಲೂ ಎಂದಿನಷ್ಟೇ ಇದ್ದರೆ, ಕೊರತೆಯನ್ನು ಬ್ರೇಕ್ ಪ್ಯಾಡುಗಳಿಂದ ತುಂಬಿಸುವಂತೆ ಸಾಫ್ಟ್‌ವೇರ್ ಬರೆದಿದ್ದಾರೆ. ಅರ್ಧ ಚಾರ್ಜಿನಲ್ಲಿ ಒಂದು ಥರ, ತುಂಬಿದಾಗ ಇನ್ನೊಂದು ಥರ ನಿಂತರೆ ಆ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ.